ಹರಿಣಿ ಕಟ್ಟಿದ ಹಾಡು

"ಸುಮ್ನಿರ್ರೋ, ಶುರು ಮಾಡ್ತೀನಿ!"

ಹರಿಣಿ ಬೆಂಚು ಹತ್ತಿ ನಿಂತಳು. ಊಟದ ಬೆಲ್ ಹೊಡೆದು ಹೆಚ್ಚು ಹೊತ್ತಾಗಿರಲಿಲ್ಲ. ಆರನೇ ಕ್ಲಾಸಿನ ಅರ್ಧ ಮಂದಿ ಬಿಸಿಯೂಟವನ್ನು ಗಬಗಬನೆ ಮುಗಿಸಿ, ಕೈ ತೊಳೆದರೋ ಇಲ್ಲವೋ, ಒಳಗೆ ಓಡಿ ಬಂದಿದ್ದರು. ಟೀಚರ್ ಸ್ಟಾಫ್ ರೂಮಿನಲ್ಲಿದ್ದರು.

ಹರಿಣಿ ಎರಡು ಬೆರಳನ್ನು ಗಾಳಿಯಲ್ಲಿ ಚಟಕ್ಕನೆ ಚಿಮ್ಮಿದಳು. ಕಿಡಿ ಕಿರಣ್ ಹಾಡು ಶುರು ಮಾಡುವುದೇ ಹಾಗೆ. ಕಾಲಲ್ಲಿ ತಾಳ ಹಾಕುತ್ತಾ ಅವನದೇ ಗತ್ತಿನಲ್ಲಿ ಹಾಡಿದಳು:

"ಮೆಟ್ಟಿಲು ಜಾರಿ ಬಿದ್ದೋಳ್ ಯಾರು?
ಅಣ್ಣ ಹೊಡ್ದ ಅಂದೋಳ್ ಯಾರು?
ಫೇಮಸ್ ಆಗೋಕ್ ಅಳ್ತಾಳ್ ನೋಡು,
ಭಾನು ಭಾನು, ಬಂಡಲ್ ಭಾನು!"

"ಒನ್ಸ್ ಮೋರ್! ಒನ್ಸ್ ಮೋರ್!" ಎಂದು ಉದಯಕುಮಾರ್ ಡೆಸ್ಕ್ ಬಡಿದ. ಮೂರನೆಯ ಸಲ ಹಾಡುವಷ್ಟರಲ್ಲಿ ಇಡೀ ಕ್ಲಾಸಿಗೆ ಬಾಯಿಪಾಠವಾಗಿತ್ತು. ಹರಿಣಿಗೆ ಖುಷಿಯಲ್ಲಿ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಕಿಡಿ ಕಿರಣ್ ಯಾರು ಎಂದು ನೀವು ಕೇಳಿದರೆ ಹರಿಣಿ ನಿಮ್ಮನ್ನು ಅಯ್ಯೋ ಪಾಪ ಎನ್ನುವಂತೆ ನೋಡುತ್ತಾಳೆ. ಅವನು ರ‍್ಯಾಪ್ ಹಾಡುವವನು, ಚಿಂತಾಮಣಿ ಕಡೆಯವನು. ಅವನ ಫ್ಯಾನ್‌ಗಳನ್ನು ಅವನು ಕಿಡಿಗಳೇ ಎಂದು ಕರೆಯುತ್ತಾನೆ.

ಹೋದ ಬೇಸಿಗೆಯಲ್ಲಿ ಹರಿಣಿ ಬೆಂಗಳೂರಿಗೆ, ಸೋದರಮಾವನ ಮನೆಗೆ ಹೋಗಿದ್ದಳು. ಅಲ್ಲಿ ಅವಳು "ಐತೆ" ಎಂದರೆ ಸಾಕು, ಮಾವನ ಮಕ್ಕಳು ಕಿಸಕ್ಕನೆ ನಗುತ್ತಿದ್ದರು. ಮಾತಿನ ನಡುವೆ ಒಂದು ತೆಲುಗು ಪದ ನುಸುಳಿದರೆ ಇನ್ನೂ ಜಾಸ್ತಿ ನಗು. ಹತ್ತು ದಿನ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದು ಅವಳು ಊರಿಗೆ ವಾಪಸ್ ಬಂದಳು.

ಆ ವಾರವೇ ಅಮ್ಮನ ಫೋನಿನಲ್ಲಿ ಕಿಡಿಯ ಹಾಡು ಸಿಕ್ಕಿತು. ಅವನು ರಾಜಾರೋಷವಾಗಿ "ಐತೆ" ಎಂದೇ ಹಾಡುತ್ತಿದ್ದ. ಒಂದು ಸಾಲು ಕನ್ನಡ, ಒಂದು ಸಾಲು ತೆಲುಗು. ಹಿಪ್ಪುನೇರಳೆ ಸೊಪ್ಪು, ಅಂಬಾಜಿದುರ್ಗದ ಬೆಟ್ಟ, ಜಂಗಮಕೋಟೆ ಕ್ರಾಸು, ಎಲ್ಲವೂ ಅವನ ಹಾಡಿನಲ್ಲಿದ್ದವು. ಲಕ್ಷಾಂತರ ಜನ ಕೇಳುತ್ತಿದ್ದರು. ಯಾರೂ ನಗುತ್ತಿರಲಿಲ್ಲ.

ಅಂದಿನಿಂದ ಹರಿಣಿಯ ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳೆಲ್ಲ ಕಿಡಿಯ ಹಾಡಿಗೆ ಮೀಸಲಾದವು. ತಾನೂ ಒಂದು ದಿನ ಅವನ ಥರ ಸಾಲು ಕಟ್ಟಬೇಕು ಎಂಬುದೊಂದೇ ಅವಳ ಆಸೆ.

ಆದರೆ ಅವಳ ಹಾಡಿನಲ್ಲಿದ್ದ ಭಾನು ಎಲ್ಲೋ ದೂರದವಳಲ್ಲ. ಹರಿಣಿಯ ಜೀವದ ಗೆಳತಿ ಪ್ರಿಯಾಂಕಳ ಅಕ್ಕ, ಭಾನುಪ್ರಿಯಾ. ಚಿಂತಾಮಣಿಯಲ್ಲಿ ಡಿಗ್ರಿ ಓದುತ್ತಾ ಕಿಡಿಯ ತಂಡದಲ್ಲಿ ಕೋರಸ್ ಹಾಡುತ್ತಿದ್ದಳು. ಎರಡು ವಾರದ ಹಿಂದೆ ಒಂದು ಪ್ರೋಗ್ರಾಮಿನಲ್ಲಿ ಅವಳು ಸಾಲು ತಪ್ಪಿದಳಂತೆ. ಸ್ಟೇಜಿನ ಹಿಂದೆ ಕಿಡಿ ಮೈಕ್ ಸ್ಟ್ಯಾಂಡ್ ಎತ್ತಿ ಹೊಡೆದ, ಬಲಗೈಯ ಎರಡು ಬೆರಳು ಮುರಿದವು ಎಂದು ಭಾನಕ್ಕ ಪೊಲೀಸರಿಗೆ ಕಂಪ್ಲೇಂಟ್ ಕೊಟ್ಟಳು.

ಮಾರನೆಯ ದಿನವೇ ಕಿಡಿ ಒಂದು ವಿಡಿಯೋ ಬಿಟ್ಟ. "ಅವ್ಳು ಮೆಟ್ಟಿಲು ಜಾರಿ ಬಿದ್ಲು. ಫೇಮಸ್ ಆಗಕ್ಕೆ ನನ್ ಹೆಸ್ರು ಹೇಳ್ತಾವ್ಳೆ. ನನ್ನ ಕಿಡಿಗಳೇ, ನಿಮ್ಮಣ್ಣನ್ನ ನೀವೇ ಕಾಪಾಡ್ಬೇಕು" ಎಂದು ಕಣ್ಣೀರು ಹಾಕಿದ.

ಹರಿಣಿ ಆ ವಿಡಿಯೋವನ್ನು ಹನ್ನೊಂದು ಸಲ ನೋಡಿದಳು. ಹನ್ನೊಂದು ಸಲವೂ ಅತ್ತಳು. ಭಾನಕ್ಕ ಒಳ್ಳೆಯವಳೇ. ಹರಿಣಿಗೆ ಎಷ್ಟೋ ಸಲ ಜಡೆ ಹಾಕಿದ್ದಾಳೆ, ಸ್ಕೂಲ್ ಡೇಗೆ ಹಾಡು ಕಲಿಸಿದ್ದಾಳೆ. ಹಾಗಂತ ಕಿಡಿ ಅಣ್ಣ ಸುಳ್ಳು ಹೇಳುವುದುಂಟೇ? ಅವನು ಸುಳ್ಳನಾದರೆ ಅವನ "ಐತೆ"ಯೂ ಸುಳ್ಳಾಗಿಬಿಡುತ್ತದಲ್ಲ! ಹೀಗೆ ಯೋಚಿಸಿ ಯೋಚಿಸಿ ಹರಿಣಿ ಅಣ್ಣನನ್ನು ಕಾಪಾಡಲು ನಾಲ್ಕು ಸಾಲು ಕಟ್ಟಿದಳು. ಭಾನಕ್ಕನ ಮನೆ ಎರಡೇ ಬೀದಿ ಆಚೆ. ಹೋಗಿ ಒಂದು ಮಾತು ಕೇಳೋಣ ಎಂದು ಮಾತ್ರ ಅವಳಿಗೆ ತೋಚಲಿಲ್ಲ.

ಪ್ರಿಯಾಂಕ ಅಕ್ಕನ ಜೊತೆ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಓಡಾಡುತ್ತಾ ಒಂದು ವಾರ ಸ್ಕೂಲಿಗೆ ಬಂದಿರಲಿಲ್ಲ. ಶುಕ್ರವಾರ ಬಂದಳು. ಅಷ್ಟರಲ್ಲಿ ಹಾಡು ಆರನೇ ಕ್ಲಾಸಿನ ಬಾಗಿಲು ದಾಟಿ, ಏಳನೆಯವರ ಕಬಡ್ಡಿಗೂ ಒಂದನೆಯವರ ಕುಂಟೆಬಿಲ್ಲೆಗೂ ಸೇರಿಕೊಂಡಿತ್ತು. ಪ್ರೇಯರ್ ಮುಗಿದು ಸಾಲು ಕದಲುತ್ತಿದ್ದಂತೆ ಹಿಂದಿನಿಂದ ಯಾರೋ ಸಣ್ಣಗೆ ಶುರು ಮಾಡಿದರು. ಪ್ರಿಯಾಂಕಳ ಕಿವಿ ಕೆಂಪಾಯಿತು.

ಮಧ್ಯಾಹ್ನ ಹೊಂಗೆ ಮರದ ಕೆಳಗೆ ಅವಳು ಕೇಳಿದಳು. "ಯಾರೇ ಹರಿಣಿ, ಅದನ್ನ ಕಟ್ಟಿದ್ದು? ನಿಂಗೆ ಗೊತ್ತಿರ್ತದೆ."

"ನಂಗೇನ್ ಗೊತ್ತೇ? ಏಳನೇ ಕ್ಲಾಸ್ನೋರು ಯಾರೋ ಇರ್ಬೇಕು."

"ನೀನಾದ್ರೂ ಹಾಡ್ಬೇಡ ಕಣೇ."

"ಛೇ, ನಾನ್ಯಾಕೆ ಹಾಡ್ಲಿ?"

ಪ್ರಿಯಾಂಕ ನಂಬಿಬಿಟ್ಟಳು. ಹರಿಣಿಯ ಹೆಗಲಿಗೆ ತಲೆಯಾನಿಸಿ ಕೂತಳು. ಹರಿಣಿಗೆ ಆ ತಲೆ ಕಲ್ಲಿನಷ್ಟು ಭಾರ ಎನಿಸಿತು. ಆದರೂ ಬೆಲ್ ಹೊಡೆಯುವವರೆಗೆ ಅಲ್ಲಾಡದೆ ಕೂತಿದ್ದಳು.

ಮಾರನೆಯ ದಿನ ಶನಿವಾರ, ಅರ್ಧ ದಿನದ ಸ್ಕೂಲು. ಹರಿಣಿ ಮನೆಗೆ ಬಂದಾಗ ಎಲ್ಲರೂ ಗಡಿಬಿಡಿಯಲ್ಲಿದ್ದರು.

ಅವರ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ಅಂದಿನ ಸೆಕೆಗೆ ಹುಳವೆಲ್ಲ ಒಟ್ಟಿಗೇ ಹಣ್ಣಾಗಿಬಿಟ್ಟಿತ್ತು. ಹಣ್ಣಾಯಿತು ಎಂದರೆ ಹುಳ ಸೊಪ್ಪು ತಿನ್ನುವುದು ಬಿಟ್ಟು, ಮೈಯೆಲ್ಲ ಹಳದಿಯಾಗಿ, ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗ ಒಂದೊಂದನ್ನೇ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ಸೊಪ್ಪಿನ ಮೇಲೇ ನೂಲು ಬಿಡುತ್ತದೆ, ತಿಂಗಳ ದುಡಿಮೆ ಮಣ್ಣುಪಾಲು.

ಇದು ಮನೆಯವರಷ್ಟೇ ಮಾಡಿ ಮುಗಿಸುವ ಕೆಲಸವಲ್ಲ. ಅದಕ್ಕೇ ಊರಿನಲ್ಲಿ ಮುಯ್ಯಾಳು ಎಂಬ ಪದ್ಧತಿ ಇದೆ. ನಿಮ್ಮ ಹುಳ ಹಣ್ಣಾದಾಗ ನಾವು ಬರುತ್ತೇವೆ, ನಮ್ಮದು ಹಣ್ಣಾದಾಗ ನೀವು ಬನ್ನಿ. ಕೂಲಿಯಿಲ್ಲ. ಆದರೆ ಕರೆದಾಗ ಬರುವುದಿಲ್ಲ ಎನ್ನುವಂತಿಲ್ಲ.

ಅಪ್ಪ ಫೋನ್ ಮಾಡಿದ ಸ್ವಲ್ಪ ಹೊತ್ತಿಗೆ ಪ್ರಿಯಾಂಕಳ ಅಮ್ಮ ಕೊಂಡಮ್ಮ ಬಂದರು. ಹಿಂದೆ ಪ್ರಿಯಾಂಕ. ಅವಳ ಹಿಂದೆ ಭಾನಕ್ಕ!

ಹರಿಣಿಯ ಅಜ್ಜಿ ಚಿಕ್ಕವೆಂಕಟಮ್ಮ ಗಲ್ಲದ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ ಕೊಂಡಮ್ಮ, ಆ ಹುಡ್ಗೀನ ಯಾಕಮ್ಮ ಕರ್ಕೊಂಬಂದೆ? ಕೈ ನೋವಲ್ವಾ?"

"ನಮ್ ಹುಳ ಹಣ್ಣಾದಾಗ ನಿಮ್ಮನೆಯಿಂದ ಮೂರಾಳು ಬಂದಿದ್ರಿ ಅಲ್ವಾ ಅತ್ತೆ? ನಾವೂ ಮೂರಾಳು ಬರ್ಬೇಕು" ಎಂದರು ಕೊಂಡಮ್ಮ, ಬಾಗಿಲಲ್ಲಿ ಕಾಲು ತೊಳೆಯುತ್ತಾ. "ಮನೇಲಿ ಬಿಟ್ರೆ ಆ ಫೋನ್ ನೋಡ್ಕೊಂಡು ಅಳ್ತಾ ಕೂತಿರ್ತಾಳೆ. ಯಾರ್ಯಾರೋ ಏನೇನೋ ಬರೀತಾರೆ."

"ರಾ ತಲ್ಲಿ, ಬಾ, ಕೂತ್ಕೋ" ಎಂದು ಅಜ್ಜಿ ಭಾನಕ್ಕನನ್ನು ಒಳಗೆ ಕರೆದರು.

ಭಾನಕ್ಕ ಬಂದು ಹರಿಣಿಯ ಎದುರಿಗೇ ಕೂತಳು. ಬಲಗೈಗೆ ದಪ್ಪನೆಯ ಬ್ಯಾಂಡೇಜು. ಹೊರಗೆ ಕಾಣುತ್ತಿದ್ದ ಬೆರಳ ತುದಿ ಊದಿ ನೀಲಿಗಟ್ಟಿತ್ತು. ಎಡಗೈಯಲ್ಲಿ ಒಂದೊಂದೇ ಹುಳವನ್ನು ನಿಧಾನವಾಗಿ ಎತ್ತಿ ತಟ್ಟೆಗೆ ಹಾಕತೊಡಗಿದಳು. ಹರಿಣಿ ತಲೆ ಬಗ್ಗಿಸಿ ಕೈಗೆ ಸಿಕ್ಕಿದ್ದನ್ನೆಲ್ಲ ಆರಿಸಿದಳು. ಜಾರಿ ಬಿದ್ದರೂ ಬೆರಳು ಮುರಿಯುತ್ತದೆ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು.

"ಇದು ಇನ್ನೂ ಹಣ್ಣಾಗಿಲ್ಲ ಪುಟ್ಟ, ನೋಡು ಹಸ್ರಾಗೈತೆ" ಎಂದು ಭಾನಕ್ಕ ಅವಳ ತಟ್ಟೆಯಿಂದ ನಾಲ್ಕು ಹುಳ ತೆಗೆದು ಸೊಪ್ಪಿಗೆ ಬಿಟ್ಟಳು. "ಗಮನ ಎಲ್ಲೈತೆ ನಿಂದು?"

ಹರಿಣಿ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಅಷ್ಟರಲ್ಲಿ ಅಪ್ಪ ಚಂದ್ರಿಕೆಯನ್ನು ಆನಿಸಿ ನಿಲ್ಲಿಸಲು ಉದ್ದದ ಬಿದಿರ ಗಳವೊಂದನ್ನು ಎತ್ತಿಕೊಂಡು ಭಾನಕ್ಕನ ಪಕ್ಕದಲ್ಲಿ ಹಾದರು. ಭಾನಕ್ಕ "ಅಮ್ಮಾ!" ಎಂದು ಚೀರಿ, ಎರಡೂ ಕೈಯಿಂದ ತಲೆ ಮುಚ್ಚಿಕೊಂಡು, ಮುದುಡಿ ನೆಲಕ್ಕೆ ಬಗ್ಗಿಬಿಟ್ಟಳು. ತಟ್ಟೆ ಉರುಳಿ ಹುಳಗಳೆಲ್ಲ ಚೆಲ್ಲಿದವು.

"ಏನಾಯ್ತಮ್ಮ? ನಾನು ಕಣಮ್ಮ, ನಾನು" ಎಂದು ಅಪ್ಪ ಗಾಬರಿಯಾಗಿ ಗಳ ಕೆಳಗಿಟ್ಟರು.

"ಏನಿಲ್ಲ ಅಣ್ಣ. ಏನೋ... ಹೆದ್ರಿಕೆ ಆಯ್ತು" ಎಂದಳು ಭಾನಕ್ಕ.

ಹರಿಣಿ ಗಳವನ್ನೂ ಭಾನಕ್ಕನನ್ನೂ ನೋಡಿದಳು. ಮೆಟ್ಟಿಲು ಜಾರಿ ಬಿದ್ದವರು ಮೆಟ್ಟಿಲಿಗೆ ಹೆದರುತ್ತಾರೆ. ಮನುಷ್ಯರ ಕೈಗೆ ಹೀಗೆ ಹೆದರುವುದಿಲ್ಲ. ಹನ್ನೊಂದು ಸಲ ನೋಡಿದ ವಿಡಿಯೋ, ಅದರ ಕಣ್ಣೀರು, ಎಲ್ಲವೂ ಹರಿಣಿಯ ಮನಸ್ಸಿನಲ್ಲಿ ಕಲಸಿಹೋಯಿತು. ಅವಳು ಬಗ್ಗಿ ಚೆಲ್ಲಿದ ಹುಳ ಆರಿಸತೊಡಗಿದಳು. ಕಣ್ಣು ಮಂಜಾಗಿ ಹುಳವೇ ಕಾಣಿಸಲಿಲ್ಲ.

ಆಗಲೇ ಹರಿಣಿಯ ತಂಗಿ ಚಿನ್ನಿ ಬಾಗಿಲಲ್ಲಿ ಕುಣಿಯುತ್ತಾ ಬಂದಳು. ಅವಳು ಒಂದನೇ ಕ್ಲಾಸು. ಎರಡು ಬೆರಳು ಗಾಳಿಗೆ ಚಿಮ್ಮಿ, ಮುದ್ದು ಮುದ್ದಾಗಿ ಹಾಡಿದಳು:

"ಭಾನು ಭಾನು, ಬಂಡಲ್ ಭಾನು!"

ಎಲ್ಲರ ಕೈಯೂ ನಿಂತಿತು. ಸೊಪ್ಪಿನ ಮೇಲೆ ಹುಳ ಹರಿದಾಡುವ ಸರಸರ ಸದ್ದೊಂದೇ ಕೇಳುತ್ತಿತ್ತು.

ಅಮ್ಮ ಎದ್ದು ಬಂದು ಚಿನ್ನಿಯ ಕೆನ್ನೆಗೆ ಫಟಾರನೆ ಬಾರಿಸಿದರು. "ಎಲ್ಲೇ ಕಲ್ತೆ ಇದನ್ನ?"

"ಸ್ಕೂಲಲ್ಲಿ... ಎಲ್ರೂ ಹೇಳ್ತಾರೆ..." ಎಂದು ಚಿನ್ನಿ ಬಿಕ್ಕಿದಳು.

ಅಮ್ಮ ಮತ್ತೆ ಕೈ ಎತ್ತಿದರು. ಭಾನಕ್ಕ ಮಧ್ಯೆ ಬಂದಳು. "ಬಿಡಿ ಅಕ್ಕ, ಹೊಡೀಬೇಡಿ. ಮಗೂಗೇನ್ ಗೊತ್ತು?"

ಹರಿಣಿ ಸುಮ್ಮನಿದ್ದರೆ ಸುಮ್ಮನಿರಬಹುದಿತ್ತು. ಯಾರೂ ಅವಳ ಕಡೆ ನೋಡುತ್ತಿರಲಿಲ್ಲ. ಆದರೆ ಚಿನ್ನಿಯ ಕೆನ್ನೆಯ ಮೇಲೆ ಐದು ಬೆರಳೂ ಮೂಡಿದ್ದವು.

"ನಾನೇ ಕಟ್ಟಿದ್ದು" ಎಂದಳು. ಯಾರಿಗೂ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದಳು. "ಆ ಹಾಡು ನಾನೇ ಕಟ್ಟಿದ್ದು. ಸಾರಿ ಭಾನಕ್ಕ."

ಪ್ರಿಯಾಂಕ ಅವಳನ್ನೇ ನೋಡಿದಳು. "ನಿನ್ನೆ ಕೇಳ್ದೆ ನಿನ್ನ. ಗೊತ್ತಿಲ್ಲ ಅಂದೆ."

ಪ್ರಿಯಾಂಕ ತನ್ನ ತಟ್ಟೆ ಎತ್ತಿಕೊಂಡು ಆಚೆ ಮೂಲೆಗೆ ಹೋಗಿ, ಬೆನ್ನು ತಿರುಗಿಸಿ ಕೂತಳು.

ಭಾನಕ್ಕ ಬೈಯಲಿಲ್ಲ, ಅಳಲೂ ಇಲ್ಲ. "ಪೂರ್ತಿ ಹೇಳು" ಎಂದಳು.

"ಬೇಡ ಅಕ್ಕ..."

"ಹೇಳಮ್ಮ. ನನ್ ಮೇಲೆ ಕಟ್ಟಿದ್ದಲ್ವಾ? ನಾನೂ ಕೇಳ್ತೀನಿ."

ಹರಿಣಿ ನೆಲ ನೋಡುತ್ತಾ ನಾಲ್ಕು ಸಾಲನ್ನೂ ಹೇಳಿದಳು. ತಾಳ ಹಾಕಲಿಲ್ಲ.

ಭಾನಕ್ಕ ಚೆಲ್ಲಿದ್ದ ಒಂದು ಹುಳವನ್ನು ಎತ್ತಿ ತಟ್ಟೆಗೆ ಹಾಕಿದಳು. ಆಮೇಲೆ ಮೆಲ್ಲಗೆ, "ಅವನ ಥರಾನೇ ಕಟ್ಟಿದ್ದೀಯ" ಎಂದಳು.

ಒಂದು ವರ್ಷದಿಂದ ಹರಿಣಿ ಆ ಮಾತಿಗಾಗಿ ಕಾದಿದ್ದಳು. ಅದನ್ನು ಕೇಳಿ ಈಗ ಅವಳಿಗೆ ಎಲ್ಲಾದರೂ ಹೋಗಿ ಅವಿತುಕೊಳ್ಳಬೇಕು ಎನಿಸಿತು.

ಕೊಂಡಮ್ಮ ಈಗಲೇ ಎದ್ದು ಹೋಗುತ್ತಾರೆ ಎಂದುಕೊಂಡರು ಎಲ್ಲರೂ. ಅವರು ಹೋಗಲಿಲ್ಲ. ಬಂದ ಕೆಲಸ ಅರ್ಧಕ್ಕೆ ಬಿಡುವವರಲ್ಲ ಅವರು. ಸಂಜೆಯವರೆಗೂ ಒಂದು ಮಾತಿಲ್ಲದೆ ಮೂವರೂ ಹುಳ ಆರಿಸಿದರು. ಕೊನೆಯ ಚಂದ್ರಿಕೆ ತುಂಬಿದ ಮೇಲೆ ಕೈ ತೊಳೆದುಕೊಂಡರು. ಅಮ್ಮ ಕಾಫಿ ತಂದರೆ ಯಾರೂ ಲೋಟ ಮುಟ್ಟಲಿಲ್ಲ.

"ಮಗು ತಿಳೀದೆ ಮಾಡ್ಬಿಟ್ಟೈತೆ ಕೊಂಡಮ್ಮ" ಎಂದು ಅಜ್ಜಿ ಕೈ ಹಿಡಿದುಕೊಂಡರು.

ಕೊಂಡಮ್ಮ ಕೈ ಬಿಡಿಸಿಕೊಂಡರು. "ಇನ್ಮೇಲೆ ನಮ್ ಹುಳ ಹಣ್ಣಾದಾಗ ನೀವು ಬರೋದು ಬೇಡ ಅತ್ತೆ. ನಾವು ಹೆಂಗೋ ಮಾಡ್ಕೊತೀವಿ."

ಅಜ್ಜಿಗೆ ಎಪ್ಪತ್ತು ವರ್ಷ. ಬರಬೇಡಿ ಎಂಬ ಮಾತನ್ನು ಅವರಿಗೆ ಯಾರೂ ಅಂದಿರಲಿಲ್ಲ. ಅವರು ಹಾಗೇ ಜಗಲಿಯ ಮೇಲೆ ಕುಸಿದು ಕೂತರು. ಹರಿಣಿಯನ್ನು ಯಾರೂ ಹೊಡೆಯಲಿಲ್ಲ. ಹೊಡೆದಿದ್ದರೇ ಚೆನ್ನಾಗಿತ್ತು ಎಂದುಕೊಂಡಳು ಅವಳು.

ಸೋಮವಾರ ಪ್ರೇಯರ್‌ಗೆ ಮೊದಲೇ ಹರಿಣಿ ಒಬ್ಬೊಬ್ಬರ ಹತ್ತಿರವೂ ಹೋದಳು. "ಆ ಹಾಡು ಹಾಡ್ಬೇಡ್ರೋ. ಅದು ಸುಳ್ಳು. ಭಾನಕ್ಕ ಹೇಳಿದ್ದೇ ನಿಜ."

"ಹೋಗೇ" ಎಂದ ಉದಯಕುಮಾರ್. "ಅದು ಈಗ ನಿಂದಲ್ಲ. ನಮ್ಮನೇಲಿ ನಮ್ಮಣ್ಣ ಅದನ್ನ ವಿಡಿಯೋ ಮಾಡಿ ಹಾಕವ್ನೆ. ನಾನೂರು ಲೈಕ್ ಬಂದೈತೆ ಗೊತ್ತಾ?"

ಹರಿಣಿ ಬೇಡಿದಳು, ಗದರಿದಳು, ಅತ್ತೂ ಅತ್ತಳು. ಅವಳು ಬೇಡ ಎಂದಷ್ಟೂ ಅವರು ಜೋರಾಗಿ ಹಾಡಿದರು. ಪ್ರಿಯಾಂಕ ಬೇರೆ ಬೆಂಚಿಗೆ ಹೋಗಿ ಕೂತಿದ್ದಳು.

ಸಂಜೆ ಮನೆಯ ದಾರಿಯಲ್ಲಿ ಪ್ರಿಯಾಂಕ ಒಬ್ಬಳೇ ಮುಂದೆ ಹೋಗುತ್ತಿದ್ದಳು. ಹರಿಣಿ ಹಿಂದೆ ಬರುತ್ತಿದ್ದಳು. ಓಡಿದ್ದರೆ ಸಿಗುತ್ತಿದ್ದಳು. ಓಡಿ ಹೋಗಿ ಏನು ಹೇಳುವುದು? ಸಾರಿ ಹೇಳಿಯಾಗಿತ್ತು. ಅದರಿಂದ ಏನೂ ಸರಿಹೋಗಿರಲಿಲ್ಲ.

ಎದುರಿನಿಂದ ಸೊಪ್ಪು ತುಂಬಿಕೊಂಡ ಲಗೇಜ್ ಆಟೋ ಬಂತು. ಅದರ ಸ್ಪೀಕರಿನಲ್ಲಿ ಕಿಡಿಯ ಹಾಡು. ಬೆಂಗಳೂರಿಂದ ಬಂದ ವಾರ ಅವಳು ಮೊದಲ ಸಲ ಕೇಳಿದ್ದ ಹಾಡೇ. ಪ್ರಿಯಾಂಕ ಎರಡೂ ಕಿವಿ ಮುಚ್ಚಿಕೊಂಡು ರಸ್ತೆಯ ಅಂಚಿಗೆ ಸರಿದಳು.

ಇನ್ನು ಆ ಹಾಡು ತನಗೂ ಕೆಟ್ಟದಾಗಿಯೇ ಕೇಳುತ್ತದೆ ಎಂದುಕೊಂಡಿದ್ದಳು ಹರಿಣಿ. ಹಾಗಾಗಲಿಲ್ಲ. ಅದು ಮೊದಲಿನಷ್ಟೇ ಚೆನ್ನಾಗಿತ್ತು. ಅವಳನ್ನು ಕೇಳದೆಯೇ ಅವಳ ಕಾಲು ತಾಳ ಹಾಕಿತು.

ಹರಿಣಿ ಕಾಲನ್ನು ಮಣ್ಣಿಗೆ ಗಟ್ಟಿಯಾಗಿ ಒತ್ತಿ ಹಿಡಿದಳು. ಆಟೋ ದೂರ ಹೋಗಿ ಹಾಡು ಪೂರ್ತಿ ಅಡಗುವವರೆಗೆ ಹಾಗೆಯೇ ನಿಂತಿದ್ದಳು. ಅವಳು ತಲೆ ಎತ್ತಿ ನೋಡುವಷ್ಟರಲ್ಲಿ ಪ್ರಿಯಾಂಕ ತಿರುವು ದಾಟಿ ಹೋಗಿದ್ದಳು.