ಕರಡಿಯ ಗುಹೆಯಲ್ಲಿ ಮಾಗಿದ ಕರಿ ಹೆಂಡ

ನಮ್ಮ ಮುತ್ತಜ್ಜನ ಮುತ್ತಜ್ಜನಿಗೂ ಹಲ್ಲು ಹುಟ್ಟದ ಕಾಲದಲ್ಲಿ ಕರಿತೊರೆ ಎಂಬ ರಾಜ್ಯವಿತ್ತು. ಅಲ್ಲಿ ಮೋಡಗಳು ಮಧ್ಯಾಹ್ನ ಕೆಳಗಿಳಿದು ಹೊಳೆಯಲ್ಲಿ ನೀರು ಕುಡಿದು ಹೋಗುತ್ತಿದ್ದವು. ಆ ರಾಜ್ಯದಲ್ಲಿ ಜವರ ಮತ್ತು ಅವನ ಹೆಂಡತಿ ಹೊಂಬಾಳೆ ಮೊಳಕೆ ರಾಗಿಯನ್ನು ಕಪ್ಪಗೆ ಹುರಿದು ಕರಿ ಹೆಂಡ ಮಾಡುತ್ತಿದ್ದರು. ಹೆಂಡ ಹುಳಿತು ತಣ್ಣಗಾದ ಮೇಲೂ ಎಪ್ಪತ್ತಾರು ದಿನ ಮಾಗಿಸುತ್ತಿದ್ದರು. ಅದಕ್ಕೆ ಮೊದಲು ರಾಜನೇ ಬಂದು ಕೇಳಿದರೂ ಹನಿ ಕೊಡುತ್ತಿರಲಿಲ್ಲ.

ಒಂದು ದಿನ ಉರಿಗಣ್ಣನೆಂಬ ಮಾಂತ್ರಿಕ ಬಂದ. ಪಾಪ, ನೂರು ವರ್ಷದಿಂದ ಅವನಿಗೆ ನಿದ್ದೆಯಿಲ್ಲ. ಕುಡಿದರೆ ನಿದ್ದೆ ಬಂದೀತೆಂದು ಕರಿ ಹೆಂಡ ಕೇಳಿದ.

"ಇದಿನ್ನೂ ಹಸಿ, ಕೊಡಾಕಿಲ್ಲ" ಎಂದ ಜವರ.

ಮಾಂತ್ರಿಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಜವರನನ್ನು ಕರಡಿ ಮಾಡಿ ಬೆಟ್ಟದ ಗುಹೆಗೆ ಅಟ್ಟಿದ.

"ನನಗೆ ನಿದ್ದೆ ಬಂದ ಗಳಿಗೆ ನಿನ್ನ ಗಂಡ ಮನುಷ್ಯನಾಗ್ತಾನೆ" ಎಂದು ಹೊಂಬಾಳೆಗೆ ಹೇಳಿದ. "ಆದರೆ ದಿನಕ್ಕೊಂದು ಹಿಡಿ ಮಾತು ಮರೀತಾನೆ. ಎಲ್ಲ ಮರೆತರೆ ಸಾಯೋವರೆಗೂ ಕರಡಿಯೇ. ಹಸಿ ಹೆಂಡ ತಂದೆಯೋ, ನೀನೂ ಕರಡಿ!"

ಅವಸರ ಮಾಡಿದರೆ ಹೆಂಡ ಹಸಿ, ತಡಮಾಡಿದರೆ ಗಂಡನಿಲ್ಲ. ಹೊಂಬಾಳೆ ಅತ್ತಳು. ಅತ್ತು ಮುಗಿಸಿ ಹೆಂಡದ ಮಡಕೆಗೆ ಚೂರು ಬೆಲ್ಲ ಹಾಕಿ, ಬಾಯಿಗೆ ಮಣ್ಣು ಮೆತ್ತಿ, ಅಡುಗೆಮನೆಯಲ್ಲಿ ಇಟ್ಟಳು.

ಅಲ್ಲಿ ಏಳು ದಿನ. ಹಾಲು ಹೆಪ್ಪಾಗುವಷ್ಟು ಬೆಚ್ಚಗಿರಬೇಕು. ಅವಳು ಹೊತ್ತು ಹೊತ್ತಿಗೆ ಮಡಕೆಗೆ ಕೆನ್ನೆ ಒತ್ತಿ ನೋಡುತ್ತಿದ್ದಳು. ಬೆಂಕಿಯ ರೆಕ್ಕೆಯ ಕೋಳಿಯೊಂದು ಒಲೆಯಿಂದ ಎದ್ದು, "ನಾನು ಕಾವು ಕೂತರೆ ಒಂದೇ ದಿನಕ್ಕೆ ಮಾಗ್ತದೆ" ಎಂದಿತು.

"ಒಡೆದೂ ಹೋಗ್ತದೆ. ದೂರ ಕೂತ್ಕೋ" ಎಂದಳು ಹೊಂಬಾಳೆ.

ಆಮೇಲೆ ನೆಲಮಾಳಿಗೆಯಲ್ಲಿ ಇಪ್ಪತ್ತೊಂದು ದಿನ. ಒದ್ದೆ ಬಟ್ಟೆ ಸುತ್ತಿದ ನೀರಿನ ಹೂಜಿಯಷ್ಟು ತಂಪಿರಬೇಕು. ಅಲ್ಲಿ ಬೆಳ್ಳಿ ಹಾವೊಂದು ಬಂದು, "ನಾನು ಸುತ್ತಿಕೊಂಡರೆ ಈಗಲೇ ಮಂಜಾಗ್ತದೆ" ಎಂದಿತು.

"ಈಗಲೇ ತಣ್ಣಗಾದ್ರೆ ರುಚಿ ಅಲ್ಲೇ ನಿಂತುಬಿಡ್ತದೆ. ಹೋಗಪ್ಪಾ" ಎಂದಳು.

ಕೊನೆಗೆ ನಲವತ್ತೆಂಟು ದಿನ, ಬೆಳಗಿನ ಹೊಳೆಯಷ್ಟು ತಣ್ಣಗೆ. ಅಂಥ ಚಳಿ ಇದ್ದದ್ದು ಕರಡಿಯ ಗುಹೆಯಲ್ಲಿ ಮಾತ್ರ. ಮಡಕೆ ಹೊತ್ತು ಅಲ್ಲಿಗೇ ಹೋದಳು. ಕರಡಿ ಅವಳ ಮಡಿಲಲ್ಲಿ ತಲೆಯಿಟ್ಟು ಮಾತಾಡಿತು. ದಿನಾ ಸಂಜೆ ಅದರ ಬಾಯಿಂದ ಒಂದಷ್ಟು ಮಾತು ಬಿಳಿ ಪತಂಗಗಳಾಗಿ ಹಾರಿ ಬೆಟ್ಟದಾಚೆ ಮಾಂತ್ರಿಕನಿದ್ದ ಕಡೆಗೆ ಹೋಗುತ್ತಿದ್ದವು. ಮೊದಲು ಹಬ್ಬದ ಹೆಸರುಗಳು ಹೋದವು. ಆಮೇಲೆ ಮರಗಿಡದ ಹೆಸರು. ನಲವತ್ತನೆಯ ದಿನ ಹೊಂಬಾಳೆ ಎಂಬ ಹೆಸರೂ ಹಾರಿಹೋಯಿತು. ಅವಳ ಎದೆ ಒಡೆಯಿತು.

ನಲವತ್ತೇಳನೆಯ ಸಂಜೆ ಕರಡಿಯಲ್ಲಿ ಒಂದೇ ಮಾತು ಉಳಿದಿತ್ತು. ಹೊಂಬಾಳೆಗೆ ತಡೆಯಲಾಗಲಿಲ್ಲ. "ಒಂದು ದಿನಕ್ಕೆ ಏನು ಕೆಡ್ತದೆ?" ಎನ್ನುತ್ತಾ ಮಡಕೆಯ ಮಣ್ಣಿಗೆ ಉಗುರು ಹಾಕಿದಳು.

ಕರಡಿ ಮಡಕೆಯ ಮೇಲೆ ಪಂಜ ಇಟ್ಟಿತು. "ಬ್ಯಾಡ" ಎಂದಿತು.

ಹೆಂಡತಿಯ ಹೆಸರು ಮರೆತವನು ಕಸುಬು ಮರೆತಿರಲಿಲ್ಲ. ಅವಳಿಗೆ ಕೋಪವೂ ಬಂತು, ಪ್ರೀತಿಯೂ ಬಂತು. ಇಬ್ಬರೂ ಒತ್ತಿಕೊಂಡು ಕೂತರು. ಇದ್ದೊಂದು ಮಾತು ಜಾರಿಹೋಗದಂತೆ ಅದು "ಬ್ಯಾಡ, ಬ್ಯಾಡ" ಎಂದು ಜಪಿಸುತ್ತಲೇ ಇತ್ತು.

ಮರುದಿನ ಅವಳು ಮಡಕೆಯನ್ನು ಮಾಂತ್ರಿಕನ ಮುಂದಿಟ್ಟಳು. ಅವನು ಬಾಯಿ ಹಾಕಲು ಹೋದ.

"ಒಸಿ ತಾಳಿ ಸ್ವಾಮಿ. ಚಳಿ ಬಿಡದೆ ಕರಿ ಹೆಂಡ ರುಚಿ ಕೊಡಾಕಿಲ್ಲ."

ನೂರು ವರ್ಷದಲ್ಲಿ ಮೊದಲ ಸಲ ಉರಿಗಣ್ಣ ಸುಮ್ಮನೆ ಕೂತ. ಕೂತಲ್ಲೇ ಆಕಳಿಸಿದ. ಆಮೇಲೆ ಮೂರು ಗುಟುಕು ಕುಡಿದ. ಸುಟ್ಟ ರಾಗಿಯ ಘಮ ತಲೆಗೇರಿತು. ಮಗುವಿನ ಹಾಗೆ ಮಲಗಿಬಿಟ್ಟ. ಪತಂಗಗಳೆಲ್ಲ ಅವನ ಗಡ್ಡದಿಂದೆದ್ದು ಬೆಟ್ಟದ ಕಡೆಗೆ ಹಾರಿದವು. ಅವನ ಮಾಟಕ್ಕೆ ಕಲ್ಲಾದವರು, ಮರವಾದವರು ಮೈಮುರಿದು ಎದ್ದು ಮನೆಗೆ ಹೋದರು.

ಜವರ ಮನುಷ್ಯನಾಗಿ ಓಡಿಬಂದ. "ಹೊಂಬಾಳೆ!" ಎಂದ. ಅವಳು ಅಳುತ್ತಾ ಉಳಿದ ಹೆಂಡ ಕೈಗಿಟ್ಟಳು. ಅವನು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿ ಯೋಚಿಸಿದ.

"ಇನ್ನೆರಡು ದಿನ ಬಿಡಬೇಕಾಗಿತ್ತು ಕಣೇ."

ಅವಳು ನಗುತ್ತಾ ಅವನ ಬೆನ್ನಿಗೆ ಗುದ್ದಿದಳು. ಕರಿತೊರೆಯ ಜನ ಆಮೇಲೆ ಹೊಟ್ಟೆತುಂಬ ಉಂಡು ಕಣ್ತುಂಬ ನಿದ್ದೆ ಮಾಡಿ ಸುಖವಾಗಿದ್ದರು. ಮಾಂತ್ರಿಕ ಇನ್ನೂ ಎದ್ದಿಲ್ಲ. ಎಬ್ಬಿಸುವವರೂ ಇಲ್ಲ.