ಕೊನೆಯ ಐದು ಕುಳಿಗಳು

"ಬಂದ್ರಾ ಹದಿಮೂರರ ಹುಲಿ? ತಟ್ಟೆ ಹಾಕ್ಲಾ? ಇಲ್ಲಾ ಇವತ್ತೂ ಹೊಟ್ಟೆ ತುಂಬಾ ಅವಮಾನ ತಿಂದ್ಕೊಂಡೇ ಬಂದ್ರಾ?"

ಮೈದುನ ಬಾಗಿಲಲ್ಲಿ ಬೂಟು ಬಿಚ್ಚುವಷ್ಟರಲ್ಲೇ ಹಿರಿಯ ಸೊಸೆ ಶುರು ಮಾಡಿದಳು. ಅವನು ಗಾಲ್ಫ್ ಕೋಲುಗಳ ಚೀಲವನ್ನು ಅಣ್ಣನ ಹೆಗಲಿನಿಂದ ಇಳಿಸಿ ಗೋಡೆಗೆ ಒರಗಿಸಿ ಬಚ್ಚಲಿಗೆ ಹೋದ. ಅಣ್ಣ ಮಾತ್ರ ಕುರ್ಚಿಯ ಮೇಲೆ ಕುಸಿದು, "ಬಾಯಿ ಮುಚ್ತೀಯಾ ಸ್ವಲ್ಪ? ನಾಳೆ ಇನ್ನೊಂದು ದಿನ ಇದೆ," ಎಂದ.

"ಇದೆ, ಇದೆ. ನಾಳೆಗೆ ಮುಗೀತು ಅಂತ ನೀವೇ ಮಾತು ಕೊಟ್ಟಿದ್ದೀರಿ. ಅವನಿಗೆ ಕಾರ್ಡ್ ಸಿಕ್ಕಿದ್ರೂ ಅಷ್ಟೇ, ಸಿಗದಿದ್ರೂ ಅಷ್ಟೇ, ನಿಮ್ಮ ಹೆಗಲಿಂದ ಆ ಹೆಣಭಾರ ಇಳೀಬೇಕು! ಹದಿನಾರು ವರ್ಷ ತಮ್ಮನ ಕತ್ತೆ ಆಗಿದ್ದು ಸಾಕು."

ಅವಳ ಮಾತು ಒರಟು. ಆದರೆ ಸುಳ್ಳಲ್ಲ. ಗಾಲ್ಫ್ ಆಟಕ್ಕೆ ಹದಿನೆಂಟು ಕುಳಿ. ಕಳೆದ ಐದು ವರ್ಷಗಳಿಂದ ತಮ್ಮ ಮೊದಲ ಹದಿಮೂರು ಕುಳಿಗಳನ್ನು ಹುಲಿಯಂತೆ ಆಡುತ್ತಿದ್ದ, ಕೊನೆಯ ಐದರಲ್ಲಿ ಬೆಕ್ಕಾಗುತ್ತಿದ್ದ. ಚೀಲ ಹೊರುವ ಕ್ಯಾಡಿಗಳು ಇಟ್ಟ ಹೆಸರು ಮನೆಯೊಳಗೂ ಬಂದು ಕೂತಿತ್ತು. ಮೂರು ವರ್ಷದಿಂದ ಅವನ ಬಳಿ ಕಾರ್ಡ್ ಇಲ್ಲ. ಕಾರ್ಡ್ ಇಲ್ಲದವನನ್ನು ದೊಡ್ಡ ಪಂದ್ಯಗಳ ಗೇಟಿನೊಳಗೇ ಬಿಡುವುದಿಲ್ಲ. ನಾಲ್ಕು ದಿನದ ಅರ್ಹತಾ ಪಂದ್ಯದಲ್ಲಿ ಮೊದಲ ಇಪ್ಪತ್ತು ಜನರೊಳಗೆ ಬಂದವರಿಗೆ ಮಾತ್ರ ಅದು ಸಿಗುತ್ತದೆ. ಮೂರು ದಿನ ಮುಗಿದಿತ್ತು. ಅವನೀಗ ಹತ್ತೊಂಬತ್ತನೆಯವನು. ವಯಸ್ಸು ಮೂವತ್ತೆಂಟು. ಇನ್ನೊಂದು ವರ್ಷ ನೋಡೋಣ ಎಂದು ಹೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಉಳಿದಿರಲಿಲ್ಲ.

ಒಂದು ಕಾಲಕ್ಕೆ ಈ ಇಬ್ಬರನ್ನು ಕಂಡರೆ ಎದುರಾಳಿಗಳು ನಡುಗುತ್ತಿದ್ದರು. ಅಣ್ಣನೇ ಕ್ಲಬ್ಬಿನ ಹಿತ್ತಿಲಲ್ಲಿ ಮುರಿದ ಕೋಲು ಕೊಟ್ಟು ತಮ್ಮನಿಗೆ ಆಟ ಕಲಿಸಿದವನು. ಅವನದೊಂದು ಪದ್ಧತಿ. ಪಂದ್ಯದ ಹಿಂದಿನ ದಿನ ಒಂದನೇ ಕುಳಿಯಿಂದ ಹದಿನೆಂಟರವರೆಗೆ ಇಡೀ ಮೈದಾನವನ್ನು ಕಾಲಲ್ಲೇ ಅಳೆಯುವುದು. ಒಂದು ಹೆಜ್ಜೆಗೆ ಒಂದು ಗಜ. ಈ ಮರದಿಂದ ಗ್ರೀನಿಗೆ, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿಗೆ, ಎಷ್ಟು, ಆ ಮರಳುಗುಂಡಿಯಿಂದ ಎಷ್ಟು ಎಂದು ಜೇಬಿನ ಪುಸ್ತಕದಲ್ಲಿ ಬರೆದುಕೊಳ್ಳುವುದು. ತಮ್ಮ ಗೆದ್ದ ಮೊದಲ ದೊಡ್ಡ ಪಂದ್ಯದಲ್ಲಿ ಸಂಘಟಕರು ಅಚ್ಚು ಹಾಕಿಸಿದ್ದ ಪುಸ್ತಕದಲ್ಲೇ ಒಂದು ಅಳತೆ ತಪ್ಪಿತ್ತು. ಎಲ್ಲರ ಚೆಂಡೂ ಗ್ರೀನು ದಾಟಿ ಪೊದೆ ಸೇರಿದರೆ ಇವನದು ಮಾತ್ರ ಕುಳಿಯ ಪಕ್ಕ ಕೂತಿತು. ಪತ್ರಿಕೆಯಲ್ಲಿ ಅಣ್ಣನ ಕಾಲಿನದೇ ಫೋಟೊ ಬಂತು! ಆಮೇಲೆ ಇನ್ನೂ ಎರಡು ಪಂದ್ಯ ಗೆದ್ದರು. ಎರಡು ವರ್ಷ ವಿಮಾನದಲ್ಲೇ ಓಡಾಟ. ದೂರ ಅಳೆಯುವ ಯಂತ್ರಗಳು ಬಂದವು. ಪಂದ್ಯದ ಹೊತ್ತಿನಲ್ಲಿ ಅವುಗಳಿಗೆ ನಿಷೇಧವಿತ್ತು, ಆಟ ಶುರುವಾಗುವ ಮುಂಚೆ ಮಾತ್ರ ಬಳಸಬಹುದಿತ್ತು. ಉಳಿದ ಕ್ಯಾಡಿಗಳೆಲ್ಲ ಕೊಂಡರು. "ನನ್ನ ಕಾಲಿಗೆ ಬ್ಯಾಟರಿ ಬೇಡ," ಎಂದು ಅಣ್ಣ ನಕ್ಕುಬಿಟ್ಟ.

ಬೀಳುವುದು ಶುರುವಾದದ್ದು ಐದು ವರ್ಷದ ಹಿಂದೆ. ಕೊನೆಯ ಕುಳಿಗಳಲ್ಲಿ ಚೆಂಡು ಗ್ರೀನು ದಾಟಿ ಹೋಗತೊಡಗಿತು. ತರಬೇತುದಾರ, "ಎದೆ ಹೊಡ್ಕೊಂಡಾಗ ತೋಳಿಗೆ ಇಲ್ಲದ ಬಲ ಬರುತ್ತಪ್ಪಾ, ಇದು ಹೆದರಿಕೆ," ಎಂದ. ಎಲ್ಲರೂ ಒಪ್ಪಿದರು. ತಮ್ಮನೂ ಒಪ್ಪಿದ. ಉಸಿರು ಹಿಡಿಯುವುದನ್ನು ಕಲಿತ, ಮನಸ್ಸಿನ ಡಾಕ್ಟರ ಮುಂದೆ ಕೂತ, ಮಾತ್ರೆ ನುಂಗಿದ. ಹೆಂಡತಿ ಎಚ್ಚರವಾದಾಗೆಲ್ಲ ಪಕ್ಕದಲ್ಲಿ ಅವನು ಸೂರು ನೋಡುತ್ತ ಮಲಗಿರುತ್ತಿದ್ದ.

ಆ ಹೆಂಡತಿ, ಮನೆಯ ಕಿರಿಯ ಸೊಸೆ, ಪರದೆ ಹೊಲಿಯುವ ಅಂಗಡಿಯಲ್ಲಿ ಅಳತೆಯವಳು. ಟೇಪು ಅವಳಿಗೆ ಆರನೇ ಬೆರಳು. ಮೂರನೇ ದಿನದ ಆಟ ಮುಗಿದ ಆ ಗುರುವಾರ ಸಂಜೆ ತಾರಸಿಯ ಬಟ್ಟೆ ಹಗ್ಗ ಕಿತ್ತುಹೋಗಿತ್ತು. ಟೇಪು ಕೋಣೆಯಲ್ಲಿ ಉಳಿದಿದ್ದರಿಂದ, ತಾರಸಿಗೆ ಗಾಳಿಗೆ ಬಂದಿದ್ದ ಭಾವನನ್ನೇ ಕೇಳಿದಳು. "ಆ ಕಂಬದಿಂದ ಈ ಕಂಬಕ್ಕೆ ಎಷ್ಟಾಗಬಹುದು ಭಾವ?"

ಭಾವ ಖುಷಿಯಿಂದ ನಡೆದ. "ಹದಿನಾರು ಗಜ. ಬೇಕಾದ್ರೆ ಬರ್ಕೋ!"

ಹಗ್ಗ ಕಟ್ಟಿದರೆ ಜೋತುಬಿತ್ತು. ಅವನು ಕೆಳಗಿಳಿದ ಮೇಲೆ ಟೇಪು ತಂದು ಅಳೆದಳು. ಹದಿನೈದು. ಇನ್ನೊಮ್ಮೆ ಅಳೆದಳು. ಹದಿನೈದೇ. ಆಗ ಅವಳಿಗೆ ಕಣ್ಣಮುಂದೆ ಬಂದದ್ದು ಭಾವನ ಬಲಗಾಲು. ಸಕ್ಕರೆ ಕಾಯಿಲೆಯಿಂದ ಜೋಮು ಹಿಡಿದ, ಸಂಜೆಯಾದರೆ ಎಳೆದು ಎಳೆದು ಹಾಕುವ ಆ ಕಾಲು...

ಊಟದ ನಂತರ ಗಂಡನನ್ನು ತಾರಸಿಗೆ ಕರೆದು ಹೇಳಿದಳು.

"ಮೊದಲ ಹದಿಮೂರು ಕುಳಿ ಕೂದಲೆಳೆಯಷ್ಟೂ ತಪ್ಪಿರಲ್ವಲ್ಲೇ," ಎಂದ ಅವನು.

"ಅವನ್ನ ಬೆಳಗ್ಗೆ ಅಳೀತಾರೆ ರೀ. ಕೊನೆಯವನ್ನ ಯಾವಾಗ ಅಳೀತಾರೆ?"

"ಮಧ್ಯಾಹ್ನ ಮೀರಿ..."

"ಆ ಹೊತ್ತಿಗೆ ಕಾಲು ಸೋತಿರುತ್ತೆ. ಹೆಜ್ಜೆ ಗಿಡ್ಡ ಆಗುತ್ತೆ, ಲೆಕ್ಕ ಉದ್ದ ಆಗುತ್ತೆ. ಇಲ್ಲದ ದೂರಕ್ಕೆ ನೀವು ಹೊಡೀತಿದ್ದೀರಿ."

ಅವನು ಬೆರಳು ಮಡಿಸತೊಡಗಿದ. ಐದು ವರ್ಷದ ಒಂದೊಂದು ಹೊಡೆತವನ್ನೂ ಎಣಿಸುತ್ತಿದ್ದನೇನೋ. ಆಮೇಲೆ ಮಗುವಿನ ಹಾಗೆ ಕೇಳಿದ.

"ಹಂಗಾದ್ರೆ... ನಾನು ಹೇಡಿ ಅಲ್ವಾ?"

"ಅಲ್ಲ ರೀ!"

ಅವನು ನಕ್ಕ. ನಗುತ್ತ ನಗುತ್ತ ಮುಖ ಮುಚ್ಚಿಕೊಂಡು ಬಿಕ್ಕಿದ. ಹೆಗಲು ಕುಲುಕುವುದು ನಿಂತ ಮೇಲೆ ಅವಳ ಕೈ ಹಿಡಿದು, "ಅಣ್ಣನಿಗೆ ಇದು ಗೊತ್ತಾಗ್ಬಾರದು. ಸತ್ತೇ ಹೋಗ್ತಾನೆ. ನಾಳೆ ಕೊನೆ ಐದು ಕುಳಿಗೆ ಅವನು ಹೇಳಿದ್ದರಲ್ಲಿ ಹದಿನಾರಕ್ಕೊಂದರಂತೆ ನಾನೇ ಮನಸ್ಸಲ್ಲಿ ಕಳೀತೀನಿ. ಆಣೆ ಮಾಡು," ಎಂದ. ಅವಳು ಮಾಡಿದಳು.

ಬೆಳಿಗ್ಗೆ ಐದೂವರೆಗೆ ಅಡುಗೆಮನೆಯ ದೀಪ ಹಾಕಿದರೆ ಭಾವ ಅಲ್ಲಿ ಕೂತಿದ್ದ.

"ನಿನ್ನೆ ನೀನು ಟೇಪು ಹಿಡಿದಿದ್ದನ್ನ ಮೆಟ್ಟಿಲಿಂದ ನೋಡ್ದೆ ತಾಯಿ. ಎಷ್ಟು ಬಂತು?"

ಸುಳ್ಳು ಹೇಳಬಹುದಿತ್ತು. ಹೇಳಲಾಗಲಿಲ್ಲ. "ಹದಿನೈದು, ಭಾವ."

ಅವನು ತನ್ನ ಕಾಲನ್ನೇ ನೋಡಿದ, ಬೇರೆ ಯಾರದೋ ಕಾಲು ನೋಡುವ ಹಾಗೆ. "ನಾನೇ ಅವನ ಕತ್ತು ಕೊಯ್ದೆ... ಅವನು ಹೆದರ್ತಾನೆ ಅಂತ ಊರೆಲ್ಲ ಅಂದಾಗ ನಾನೂ ಹೂಂ ಅಂದೆ ಕಣಮ್ಮಾ!" ಕಣ್ಣೊರೆಸಿಕೊಂಡು ಎದ್ದ. "ಮೊದಲ ಬಸ್ಸಿಗೆ ಹೋಗ್ತೀನಿ. ಯಾರದಾದ್ರೂ ಯಂತ್ರ ಇಸ್ಕೊಂಡು, ಆಟ ಶುರುವಾಗೋ ಮುಂಚೆ ಕೊನೆ ಐದೂ ಅಳೆದು ಪುಸ್ತಕ ತಿದ್ದಿಬಿಡ್ತೀನಿ. ಅವನಿಗೆ ಹೇಳ್ಬೇಡ. ಇವತ್ತು ಇದು ಗೊತ್ತಾದ್ರೆ ಕೈ ನಡುಗುತ್ತೆ."

"ಭಾವ, ಅವರು..."

"ಏನದು ಬೆಳಬೆಳಗ್ಗೆ ಪಿಸಪಿಸ?" ಹಿರಿಯವಳು ಬಾಗಿಲಲ್ಲಿ ನಿಂತಿದ್ದಳು. "ಭಾವನಿಗೆ ಹೊತ್ತು ಹೊತ್ತಿಗೆ ಕಾಫಿ ಮಾತ್ರ ಅನ್ಕೊಂಡೆ, ಗುಟ್ಟೂ ಇದೆಯಾ?"

ಭಾವ ಚೀಲ ಹೊತ್ತು ಹೊರಟೇಬಿಟ್ಟ. ಕಿರಿಯವಳು ಕೂಗಿ ಕರೆಯಲಿಲ್ಲ. ಇಬ್ಬರೂ ಸರಿಪಡಿಸಲು ಹೊರಟಿದ್ದಾರೆ, ಒಳ್ಳೆಯದೇ ಆಯಿತು ಎಂದುಕೊಂಡಳು. ಇಬ್ಬರ ಮಾತೂ ಉಳಿಯಿತಲ್ಲ ಎಂಬ ಸಮಾಧಾನ ಬೇರೆ. ಗಂಡನಿಗೆ ಉಪ್ಪಿಟ್ಟು ಕೊಟ್ಟು ಕಳಿಸುವಾಗಲೂ ಅವಳ ಮುಖದಲ್ಲಿ ನಗುವಿತ್ತು.

ಅಂಗಡಿಯಲ್ಲಿ ಹನ್ನೊಂದು ಗಂಟೆಗೆ ಬಟ್ಟೆ ಕತ್ತರಿಸುವ ಮಾಸ್ತರು ಅವಳ ಅಳತೆ ಚೀಟಿ ಹಿಡಿದು, ದಿನಕ್ಕೆ ಇಪ್ಪತ್ತು ಸಲ ಕೇಳುವ ಪ್ರಶ್ನೆಯನ್ನೇ ಕೇಳಿದರು. ಪರದೆ ನೆಲಕ್ಕೆ ತಾಗಬಾರದೆಂದು ಎರಡಿಂಚು ಕಳೆಯುವುದು ಅಲ್ಲಿನ ರೂಢಿ. "ಎರಡಿಂಚು ನೀನು ಕಳೆದಿದ್ದೀಯಾ, ನಾನು ಕಳೀಬೇಕಾ? ಇಬ್ಬರೂ ಕಳೆದ್ರೆ ಪರದೆ ಅಲ್ಲ, ಚಡ್ಡಿ ಆಗುತ್ತೆ ನೋಡು!"

ಎಲ್ಲರೂ ನಕ್ಕರು. ಅವಳಿಗೆ ಕೇಳಿಸಿದ್ದು 'ಇಬ್ಬರೂ ಕಳೆದ್ರೆ' ಎಂಬ ಎರಡೇ ಮಾತು. ಟೇಪನ್ನು ಕೊರಳಲ್ಲೇ ಇಟ್ಟುಕೊಂಡು ಬೀದಿಗೆ ಓಡಿದಳು.

ಗಂಡನಿಗೆ ಫೋನು ಮಾಡಿದಳು, ಆಫ್. ಭಾವನದೂ ಆಫ್. ಆಟದಲ್ಲಿರುವಾಗ ಫೋನು ಮುಟ್ಟುವ ಹಾಗಿಲ್ಲ. ಒಂದು ಬಸ್ಸು ತಪ್ಪಿತು, ಇನ್ನೊಂದು ದಾರಿಯಲ್ಲಿ ಕೆಟ್ಟಿತು. ಮೈದಾನ ತಲುಪಿದಾಗ ಮೂರು ದಾಟಿತ್ತು. ಫಲಕದಲ್ಲಿ ಗಂಡನ ಅಂಕ ನೋಡಿ ಅವಳಿಗೆ ಉಸಿರು ಬಂತು. ಹದಿನೇಳು ಕುಳಿ ಮುಗಿದಿದ್ದವು. ಹದಿನಾಲ್ಕರಿಂದ ಈಚೆ ಅವನ ಚೆಂಡು ಪ್ರತಿ ಸಲವೂ ಗ್ರೀನಿನ ಹತ್ತಿರದ ಅಂಚಿಗೇ ಬಿದ್ದರೂ ಹೇಗೋ ದಡ ಸೇರಿತ್ತು. ಗ್ರೀನುಗಳು ಉದ್ದವಾಗಿದ್ದವು, ಅಷ್ಟೇ. ಐದು ವರ್ಷ ಗ್ರೀನು ದಾಟಿ ಹೋದ ಚೆಂಡು ಒಂದು ದಿನ ದಾಟದೆ ಈಚೆಗೇ ಬಿದ್ದರೆ ಅಣ್ಣತಮ್ಮಂದಿರಿಬ್ಬರಿಗೂ ಅದು ಸಂತೋಷವೇ ಹೊರತು ಅನುಮಾನವಲ್ಲ. ಕೊನೆಯ ಕುಳಿಯನ್ನು ನಾಲ್ಕು ಹೊಡೆತದಲ್ಲಿ ಮುಗಿಸಿದರೆ ಕಾರ್ಡ್ ಕೈಯಲ್ಲಿ.

ಅವಳು ಜನರ ನಡುವೆ ನುಗ್ಗಿ ಗಡಿಯ ದಾರದ ಬಳಿ ನಿಂತಳು. ಮೂವತ್ತು ಹೆಜ್ಜೆ ಆಚೆ ಗಂಡ, ಭಾವ. ಅವರ ಮುಂದೆ ಹುಲ್ಲು, ಹುಲ್ಲಿನಾಚೆ ಕೊಳ, ಕೊಳಕ್ಕೆ ಅಂಟಿಕೊಂಡೇ ಗ್ರೀನು.

"ಎಷ್ಟಣ್ಣ?"

"ನೂರ ನಲವತ್ತೆಂಟು." ಭಾವನ ದನಿ ಎಂದೂ ಇಲ್ಲದಷ್ಟು ಗಟ್ಟಿಯಾಗಿತ್ತು. "ಕಣ್ಮುಚ್ಚಿ ಹೊಡಿ ಪುಟ್ಟಾ."

ಗಂಡನ ಕೈ ಎಂಟನೇ ನಂಬರಿನ ಕೋಲಿನ ಮೇಲೆ ಹೋಯಿತು. ಅಲ್ಲಿ ಒಂದು ಕ್ಷಣ ನಿಂತಿತು. ತುಟಿ ಏನೋ ಲೆಕ್ಕ ಹಾಕಿತು. ಆಮೇಲೆ ಕೈ ಪಕ್ಕಕ್ಕೆ ಸರಿದು, ಇನ್ನೂ ಹತ್ತಿರಕ್ಕೆ ಹೊಡೆಯುವ ಒಂಬತ್ತನೇ ಕೋಲನ್ನು ಎಳೆಯಿತು. ಭಾವ ಹುಬ್ಬುಗಂಟಿಕ್ಕಿದ. ಬಾಯಿ ತೆರೆದ. ಆದರೆ ಇಷ್ಟು ವರ್ಷ ತಪ್ಪು ಹೇಳಿದವನು ಇವತ್ತು ಯಾವ ಮುಖದಿಂದ ತಡೆಯಲಿ ಎಂದುಕೊಂಡನೋ ಏನೋ, ಮುಚ್ಚಿಕೊಂಡ.

ಅವಳು ಕೂಗಬೇಕಿತ್ತು. ಒಂದು ಮಾತು, 'ಬೇಡ' ಎಂಬ ಒಂದೇ ಮಾತು! ಆದರೆ ಮದುವೆಯಾದ ಹೊಸತರಲ್ಲಿ ಗಂಡ ಹೇಳಿಕೊಟ್ಟಿದ್ದ, ಗಡಿಯಾಚೆಯಿಂದ ಮನೆಯವರು ಆಟಗಾರನಿಗೆ ಪಿಟ್ಟೆನ್ನಬಾರದು, ಅಂದರೆ ದಂಡ ಬೀಳುತ್ತದೆ ಎಂದು. ಹನ್ನೊಂದು ವರ್ಷ ಅವಳು ಚಪ್ಪಾಳೆಯನ್ನೂ ಹೆದರಿ ಹೆದರಿ ಹೊಡೆದವಳು. ಎರಡೂ ಕೈಯಲ್ಲಿ ಕೊರಳ ಟೇಪನ್ನು ಹಿಡಿದು ಸುಮ್ಮನೆ ನಿಂತಳು...

ಹೊಡೆತ ಸುಂದರವಾಗಿತ್ತು. ಇಡೀ ವಾರದಲ್ಲಿ ಅಷ್ಟು ಶುದ್ಧವಾದ ಹೊಡೆತ ಯಾರೂ ಹೊಡೆದಿರಲಿಲ್ಲ. ಚೆಂಡು ಬಾವುಟದ ನೇರಕ್ಕೇ ಏರಿ, ನೇರಕ್ಕೇ ಇಳಿದು, ಗ್ರೀನಿಗೆ ಎರಡು ಗಜ ಇರುವಾಗ ನೀರಿಗೆ ಬಿತ್ತು.

ಜನ "ಅಯ್ಯೋ" ಎಂದರು. ಹಿಂದಿನಿಂದ ಯಾರೋ, "ಹದಿಮೂರರ ಹುಲಿ ಇವತ್ತು ಹದಿನೇಳರವರೆಗೂ ಬಂದಿತ್ತಪ್ಪಾ," ಎಂದು ನಕ್ಕರು.

ಆರು ಹೊಡೆತ. ಇಪ್ಪತ್ತಮೂರನೇ ಸ್ಥಾನ.

ವಾಹನ ನಿಲ್ಲುವ ಜಾಗದಲ್ಲಿ ಗಂಡ ಒಬ್ಬನೇ ಕಟ್ಟೆಯ ಮೇಲೆ ಕೂತಿದ್ದ. ಹೆಂಡತಿಯನ್ನು ಕಂಡು ಅವನಿಗೆ ಆಶ್ಚರ್ಯವೂ ಆಗಲಿಲ್ಲ. "ನಾನು ಸರಿಯಾಗೇ ಕಳೆದಿದ್ದೆ ಕಣೇ. ಆದ್ರೂ ಕಮ್ಮಿ ಬಿತ್ತು. ಅಂದ್ರೆ ಎಲ್ಲರೂ ಹೇಳ್ತಿದ್ದಿದ್ದೇ ನಿಜ. ನನ್ನೊಳಗೇ ಏನೋ ಇಲ್ಲ."

"ಭಾವನೂ ಕಳೆದಿದ್ರು ರೀ... ಬೆಳಗ್ಗೆನೇ ಯಂತ್ರದಲ್ಲಿ ಅಳೆದು ತಿದ್ದಿದ್ರು. ಅವರು ಹೇಳಿದ್ದು ಸರಿಯಾದ ದೂರ."

ಅವನು ತಲೆಯೆತ್ತಿದ. "ನಿನಗೆ ಯಾವಾಗ ಗೊತ್ತಾಯ್ತು?"

"ಬೆಳಗ್ಗೆ."

ಬೈದಿದ್ದರೆ, ಒಂದು ಏಟು ಹಾಕಿದ್ದರೆ ಅವಳಿಗೆ ಹಗುರವಾಗುತ್ತಿತ್ತೇನೋ! ಅವನು ಬೂಟಿಗೆ ಅಂಟಿದ್ದ ಹುಲ್ಲನ್ನು ಒಂದೊಂದಾಗಿ ಕಿತ್ತು ಹಾಕಿದ. ಆಮೇಲೆ ಕೇಳಿದ್ದು ಇಷ್ಟೇ. "ಅಣ್ಣನಿಗೆ ಗೊತ್ತಾ, ನಾನೂ ಕಳೆದಿದ್ದು?"

"ಇಲ್ಲ."

"ಹೇಳ್ಬೇಡ."

ಭಾನುವಾರಕ್ಕೆ ಅಣ್ಣನ ಕಾಲು ಊದಿಕೊಂಡು ಕಪ್ಪಾಯಿತು. ವಾರವಿಡೀ ನಡೆದದ್ದು, ಶುಕ್ರವಾರ ಬೆಳಿಗ್ಗೆ ಇಬ್ಬನಿಯ ಹುಲ್ಲಿನಲ್ಲಿ ಐದು ಕುಳಿಗಳನ್ನು ಎರಡೆರಡು ಸಲ ಸುತ್ತಿದ್ದು, ಎಲ್ಲ ಸೇರಿತ್ತು. ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು. ಹಿಮ್ಮಡಿ ಉಳಿಯುವುದನ್ನೂ ಖಚಿತವಾಗಿ ಹೇಳಲಾಗದು ಎಂದರು. ಹಿರಿಯವಳು ವಾರ್ಡಿನ ಬಾಗಿಲಲ್ಲಿ ಕೂತು ಮೊದಲ ಸಲ ಯಾರನ್ನೂ ಬೈಯದೆ ಅತ್ತಳು. ತಮ್ಮ ಒಂದು ಅಭ್ಯಾಸ ಮೈದಾನದಲ್ಲಿ ಕೆಲಸ ಹಿಡಿದ. ಹೊಟ್ಟೆ ಕರಗಿಸಲು ಬರುವ ವ್ಯಾಪಾರಿಗಳಿಗೆ ಕೋಲು ಹಿಡಿಯುವುದನ್ನು ಕಲಿಸುವ ಕೆಲಸ. ಬೆಳಿಗ್ಗೆ ಆರರಿಂದ ಹತ್ತು, ಸಂಜೆ ನಾಲ್ಕರಿಂದ ಎಂಟು. ಅಲ್ಲಿ ಎಷ್ಟು ದೂರ ಹೊಡೆದರೂ ಯಾರೂ ಕೇಳುವುದಿಲ್ಲ. ಚೆಂಡು ಬಲೆಗೆ ಬಿದ್ದು ಮುಗಿಯುತ್ತದೆ.

ಅವನು ಮಧ್ಯಾಹ್ನದ ಹೊತ್ತು ಆಸ್ಪತ್ರೆಗೆ ಬರುತ್ತಿದ್ದ. ಒಂದು ದಿನ ಕಿರಿಯವಳು ಫ್ಲಾಸ್ಕು ಹಿಡಿದು ಅವನ ಹಿಂದೆಯೇ ಒಳಗೆ ಬಂದಳು. ಅಣ್ಣ ದಿಂಬಿಗೆ ಒರಗಿ ಕೂತಿದ್ದ. ಬಹಳ ದಿನದಿಂದ ಬಾಯಲ್ಲಿ ಇಟ್ಟುಕೊಂಡಿದ್ದ ಮಾತನ್ನು ಕೊನೆಗೂ ಹೊರಗೆ ಹಾಕಿದ.

"ಪುಟ್ಟಾ, ನಿಜ ಹೇಳು. ಅವತ್ತು ನೂರ ನಲವತ್ತೆಂಟು ಸರಿ ಇತ್ತು ಕಣೋ. ನಾನು... ಚೆನ್ನಾಗಿ ಅಳೆದಿದ್ದೆ. ನೀನ್ಯಾಕೆ ಒಂಬತ್ತು ತಗೊಂಡೆ?"

ಅಣ್ಣನ ಕಣ್ಣು ತಮ್ಮನ ಮುಖಕ್ಕೆ ಅಂಟಿಕೊಂಡಿತ್ತು. ತಪ್ಪು ನಿನ್ನದಲ್ಲ ಎಂಬ ಒಂದು ಮಾತನ್ನೇ ಆ ಕಣ್ಣು ಬೇಡುತ್ತಿದೆಯೆಂದು ಕೋಣೆಯಲ್ಲಿದ್ದ ಇಬ್ಬರಿಗೂ ಗೊತ್ತಿತ್ತು. ಕಿರಿಯವಳು ಬಾಯಿ ತೆರೆದಳು. ಗಂಡ ಅವಳ ಕಡೆ ತಿರುಗಿಯೂ ನೋಡದೆ, ಅಣ್ಣನ ಹೊದಿಕೆಯ ಅಂಚನ್ನು ಮಡಿಸುತ್ತ ಹೇಳಿದ.

"ಎದೆ ನಡುಗ್ತಣ್ಣ. ನಿನ್ನ ನಂಬರು ಯಾವತ್ತೂ ತಪ್ಪಿರಲಿಲ್ಲ. ಆ ಐದು ವರ್ಷನೂ ನಂದೇ ಹೆದರಿಕೆ."

ಅಣ್ಣ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರು ಬಿಟ್ಟ. ಎಷ್ಟೋ ದಿನದ ಮೇಲೆ ಅವನ ಮುಖದ ಗಂಟುಗಳು ಸಡಿಲವಾದವು. ಸಣ್ಣ ಮಕ್ಕಳನ್ನು ಸಮಾಧಾನ ಮಾಡುವವನಂತೆ ತಮ್ಮನ ಕೈ ತಟ್ಟಿದ.

"ಹೋಗ್ಲಿ ಬಿಡೋ. ಎದೆ ಎಲ್ಲರಿಗೂ ಕೊಟ್ಟಿರಲ್ಲ."

"ಹೂಂ ಅಣ್ಣ," ಎಂದ ತಮ್ಮ.