ಅಪ್ಪನ ಲಾರಿ ಮತ್ತು ನಾಲ್ಕು ತಿಂಗಳ ಮಳೆ

"ಲೇ ಪುಷ್ಪಾ, ಲಾರಿ ಕೀ ಏನಾರ ಕಂಡ್ಯಾ?"

ಅಪ್ಪ ಮಂಚದ ಕೆಳಗೆ ತಲೆ ತೂರಿಸಿಕೊಂಡೇ ಕೇಳಿದ. ಅವ್ವ ದಿಂಬುಗಳನ್ನೆಲ್ಲ ಒದರಿ ನೋಡಿದಳು. ತೇಜು ಮಾತ್ರ ಬಾಗಿಲಿಗೆ ಒರಗಿ ನಿಂತು, ಏನೂ ಅರಿಯದವಳ ಹಾಗೆ ಜಡೆಯ ತುದಿ ಕಚ್ಚುತ್ತಿದ್ದಳು.

ಆತಗೂರಿನ ಆ ಮನೆಯ ಮುಂದೆ ಅಪ್ಪನ ಲಾರಿ ನಿಂತಿತ್ತು. ಅದರ ತುಂಬ ಎಳನೀರು. ಮದ್ದೂರಿನ ಮಾರ್ಕೆಟ್ಟಿನಲ್ಲಿ ನಿನ್ನೆಯೇ ಲೋಡ್ ಆಗಿತ್ತು. ಶಿರಾಡಿ ಘಾಟಿ ಇಳಿದು ಮಂಗಳೂರು ಸೇರಬೇಕು. ಹೀಗೇ ಬಿಸಿಲಲ್ಲಿ ನಿಂತರೆ ಕಾಯಿ ಬಾಡಿಹೋಗುತ್ತೆ, ಆಮೇಲೆ ಯಾರೂ ಮೂಸಿಯೂ ನೋಡುವುದಿಲ್ಲ.

ಹುಡುಕಿ ಹುಡುಕಿ ಸಾಕಾಗಿ ಅವ್ವ ಮುದ್ದೆಗಾದರೂ ಎಸರಿಡೋಣ ಅಂತ ಒಳಗೆ ಹೋದಳು. ರಾಗಿಹಿಟ್ಟಿನ ಡಬ್ಬಕ್ಕೆ ಕೈ ಹಾಕಿದಳು. ತೇಜು ಬಾಗಿಲ ಹಿಂದಕ್ಕೆ ಸರಿದಳು. ಹಿಟ್ಟು ಮೆತ್ತಿಕೊಂಡ ಕೀ ಅವ್ವನ ಕೈಯಲ್ಲಿ ಮೇಲೆ ಬಂತು.

ಮನೆಯಲ್ಲಿರುವುದೇ ಮೂರು ಜನ. ಕಳ್ಳಿ ಯಾರು ಅಂತ ಬೇರೆ ಕೇಳಬೇಕೆ? ಅವ್ವ ಶುರು ಹಚ್ಚಿಕೊಂಡಳು. ತಲೆಯಲ್ಲೇನು ಸಗಣಿ ತುಂಬಿದೆಯಾ, ಲೋಡ್ ಹಾಳಾದರೆ ನಿಮ್ಮಪ್ಪನನ್ನು ಇನ್ನೊಂದು ಸಲ ಯಾರು ಕರೀತಾರೆ ಅಂತ ಒಂದೇ ಸಮನೆ ಬೈದಳು.

ಅಪ್ಪ ಬೈಯಲಿಲ್ಲ. ಕೀಯನ್ನು ಲುಂಗಿಗೆ ಒರೆಸಿಕೊಳ್ಳುತ್ತಾ, "ಯಾಕವ್ವಾ?" ಅಂದ. ಅಷ್ಟಕ್ಕೇ ತೇಜು ಅತ್ತೇಬಿಟ್ಟಳು.

"ಈ ಮಳೆಗಾಲ ಕರಾವಳೀಲಿ ಜಾಸ್ತಿ ಮಳೆ ಬತ್ತದಂತೆ. ಟೀವೀಲಿ ಯೋಳುದ್ರು. ಘಾಟೀಲಿ ಲಾರಿ ಮ್ಯಾಲೆ ಗುಡ್ಡ ಬಿದ್ದಿರೋದೂ ತೋರ್ಸುದ್ರು. ನೀನು ಓಗ್ಬ್ಯಾಡ ಕಣಪ್ಪ."

ಅಪ್ಪ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡ. ಆ ಸುದ್ದಿಯನ್ನು ಅವನೂ ಕೇಳಿದ್ದ.

"ಅದು ನಾಕು ತಿಂಗಳ ಒಟ್ಟು ಲೆಕ್ಕ ಕಣವ್ವ. ಈ ವರ್ಸ ನಿಮ್ಮವ್ವ ನಿಂಗೆ ಓದ್ವರ್ಸಕ್ಕಿಂತ ಜಾಸ್ತಿ ಬಯ್ತಾಳೆ ಅಂತ ನಾನು ಈಗ್ಲೇ ಯೋಳ್ಬುಡ್ತೀನಿ. ಯಾವತ್ತು, ಎಷ್ಟೊತ್ಗೆ ಅಂತ ಯೋಳಕಾಯ್ತದಾ?"

ತೇಜು ಅಳುವಿನ ನಡುವೆಯೇ ಕಿಸಕ್ಕನೆ ನಕ್ಕಳು. ಅವ್ವನಿಗೂ ನಗು ತಡೆಯಲಾಗಲಿಲ್ಲ.

"ಮತ್ತೆ ಇವತ್ತಿಂದು?" ಅಂದಳು ತೇಜು.

"ಇವತ್ತಿಂದ ಇವತ್ತೇ ಕೇಳ್ಬೇಕು" ಅಂತ ಅಪ್ಪ ಮೊಬೈಲ್ ತೆಗೆದ. ಕರಾವಳಿಯ ಇವತ್ತಿನ ಹವಾಮಾನ ನೋಡಿದ. ಆಗತಾನೆ ಘಾಟಿ ಹತ್ತಿ ಬಂದಿದ್ದ ಡ್ರೈವರ್ ಅಶೋಕನಿಗೆ ಫೋನ್ ಮಾಡಿದ. ರಸ್ತೆ ಒಣಗಿದೆ, ಸಂಜೆ ಮೇಲೆ ಮಾತ್ರ ಹೇಳೋಕಾಗಲ್ಲ ಅಂದ ಅಶೋಕ. ಅಪ್ಪ ಗಬಗಬ ಉಂಡು ಹೊರಟ.

ಲಾರಿ ಹೋದ ಮೇಲೆ ತೇಜು ಮುದ್ದೆ ಮುಟ್ಟಲಿಲ್ಲ. ಆಟಕ್ಕೆ ಕರೆದರೂ ಹೋಗದೆ ಅವ್ವನ ಫೋನಿನ ಪಕ್ಕದಲ್ಲೇ ಕೂತಳು.

ಸಂಜೆ ಅದು ಬಡಕೊಂಡಿದ್ದೇ ತಡ, ಅವ್ವನಿಗಿಂತ ಮೊದಲು ಎತ್ತಿಕೊಂಡಳು.

"ಸಕಲೇಸಪುರದಲ್ಲಿ ನಿಲ್ಲುಸ್ಕಂಡಿವ್ನಿ ಕಣವ್ವ" ಅಂದ ಅಪ್ಪ. "ಕೆಳಗಡೆ ಮಳೆ ಸುರುವಾಯ್ತಂತೆ. ಬೆಳಿಗ್ಗೆ ನೋಡ್ಕಂಡು ಇಳೀತೀನಿ."

ಎಳನೀರಿನ ಗತಿಯೇನು ಅಂತ ಅವ್ವ ಪಕ್ಕದಿಂದಲೇ ಕೂಗಿದಳು. ಇಲ್ಲಿ ತಂಪಾಗಿದೆ, ಒಂದು ರಾತ್ರಿಗೆ ಏನೂ ಆಗಲ್ಲ, ಆದರೆ ಆಗಲಿ ಬಿಡು ಅಂದ ಅಪ್ಪ.

ತೇಜು ಫೋನ್ ಇಟ್ಟಳು. ಅಬ್ಬಾ, ಎಂಥ ಹಗುರ! ಇಷ್ಟು ದಿನ ಅಪ್ಪ ಅಂದರೆ ಅವಳಿಗೆ ಲಾರಿ ಓಡಿಸುವವನು. ನಿಲ್ಲಿಸುವುದೂ ಅವನಿಗೆ ಗೊತ್ತು ಅಂತ ಇವತ್ತೇ ತಿಳಿದಿದ್ದು.

"ಅವ್ವಾ, ಒಟ್ಟೆ ಅಸೀತಾ ಅದೆ. ಮುದ್ದೆ ಇಕ್ಕು" ಅಂದಳು.